ಛಾಯಾಚಿತ್ರವೂ ಮನೆಯ ನೆನಪೂ



ಮರೆವಿನೊಡನೆ ಮನುಷ್ಯನು ನಡೆಸುತ್ತ ಬಂದಿರುವ ಹೋರಾಟ ಬಹಳ ಹಳೆಯದು. ನಮ್ಮ ನಾಡಿನ ಊರೂರಿನ ಹೊರಗೆ ನಿಂತಿರುವ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಈ ಹೋರಾಟದ ಗುರುತುಗಳೇ. ಅರಸರಿಗೆ ಚಿತ್ರಕಾರರಿದ್ದರು, 1885ರಲ್ಲಿ ರಾಜಾ ರವಿವರ್ಮನನ್ನು ಮೈಸೂರಿನ ಅರಮನೆಗೆ ಬರಮಾಡಿಕೊಂಡು ರಾಜಮನೆತನದವರ ಚಿತ್ರಗಳನ್ನು ಬರೆಯಿಸಿದರು. ಆದರೆ ಸಾಮಾನ್ಯ ಸಂಸಾರಿಯ ಪಾಡೇನು? ಅವನ ಹೆಸರು ಶ್ರಾದ್ಧದ ಸಂಕಲ್ಪದಲ್ಲಿ ಮೂರು ತಲೆಮಾರು ಉಳಿಯುತ್ತಿತ್ತು. ಮುಖವಂತೂ ಅವನನ್ನು ಕಣ್ಣಾರೆ ಕಂಡವರೊಡನೆಯೇ ಅಳಿದುಹೋಗುತ್ತಿತ್ತು. ಮುತ್ತಜ್ಜನ ಮೂಗು ಹೇಗಿತ್ತು, ಅಜ್ಜಿಯ ಅಜ್ಜಿ ಸೀರೆಯನ್ನು ಯಾವ ಬಗೆಯಲ್ಲಿ ಉಡುತ್ತಿದ್ದಳು ಎಂಬುದನ್ನು ತಿಳಿಯುವ ಉಪಾಯವೇ ಇರಲಿಲ್ಲ.

ಈ ದಾರಿದ್ರ್ಯವನ್ನು ನೀಗಿಸಿದುದು ಛಾಯಾಚಿತ್ರ. ಅದು ನಮಗೆ ಇಂದು ಎಷ್ಟು ಸುಲಭವಾಗಿ ದೊರೆಯುತ್ತಿದೆಯೆಂದರೆ, ಅದರ ಬೆಲೆಯನ್ನೇ ಮರೆತಿದ್ದೇವೆ. ಅದು ಹೇಗೆ ಉಂಟಾಯಿತು, ನಮ್ಮ ಮನೆಗಳಿಗೆ ಹೇಗೆ ಬಂದಿತು, ಅದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಮೂರು ಮಾತುಗಳನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಛಾಯಾಗ್ರಹಣದಲ್ಲಿ ಎರಡು ಕೆಲಸಗಳುಂಟು: ಬಿಂಬವನ್ನು ಮೂಡಿಸುವುದು ಒಂದು, ಮೂಡಿದ ಬಿಂಬವನ್ನು ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಪುರಾತನರಿಗೇ ತಿಳಿದಿತ್ತು. ಬಿಸಿಲಿನ ಹೊತ್ತಿನಲ್ಲಿ ಕೋಣೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಬೀದಿಯ ಕಡೆಗೆ ಸಣ್ಣದೊಂದು ರಂಧ್ರವನ್ನು ಮಾತ್ರ ಬಿಟ್ಟರೆ, ಎದುರು ಗೋಡೆಯ ಮೇಲೆ ಬೀದಿಯ ಮರಗಳೂ ಮನೆಗಳೂ ತಲೆಕೆಳಗಾಗಿ ಕಾಣಿಸಿಕೊಳ್ಳುತ್ತವೆ. ಬೆಳಕು ನೇರವಾಗಿ ಹರಿಯುವುದರಿಂದ, ಮರದ ತುದಿಯಿಂದ ಹೊರಟ ಕಿರಣ ರಂಧ್ರವನ್ನು ಹಾದು ಗೋಡೆಯ ಕೆಳಭಾಗಕ್ಕೂ, ಬುಡದಿಂದ ಹೊರಟದ್ದು ಮೇಲ್ಭಾಗಕ್ಕೂ ತಲಪುತ್ತವೆ. ಇದೇ ತಲೆಕೆಳಗಾಗುವುದರ ಕಾರಣ. ಸುಮಾರು ಸಾವಿರ ವರ್ಷಗಳ ಹಿಂದೆ ಅರಬ್ಬೀ ವಿದ್ವಾಂಸನಾದ ಇಬ್ನ್ ಅಲ್ ಹೈಥಮನು ಇದನ್ನು ಕೂಲಂಕಷವಾಗಿ ಪರೀಕ್ಷಿಸಿದ್ದನು. ರಂಧ್ರದ ಸ್ಥಾನದಲ್ಲಿ ಮಸೂರವನ್ನಿಟ್ಟು, ಕೋಣೆಯನ್ನು ಪೆಟ್ಟಿಗೆಯಷ್ಟಕ್ಕೆ ಕುಗ್ಗಿಸಿದರೆ ಅದೇ ಕ್ಯಾಮೆರಾ. ಆ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂದೇ ಅರ್ಥ.

ಎರಡನೆಯ ಕೆಲಸಕ್ಕೆ ಬೆಳ್ಳಿ ಬೇಕಾಯಿತು. ಬೆಳ್ಳಿಯ ಕೆಲವು ಲವಣಗಳು ಬೆಳಕು ತಾಗಿದಲ್ಲಿ ಕಪ್ಪಾಗುವುವೆಂಬುದು 18ನೆಯ ಶತಮಾನದಲ್ಲಿಯೇ ತಿಳಿದಿತ್ತು. ಆದರೆ ಹಾಗೆ ಮೂಡಿದ ಚಿತ್ರವನ್ನು ನೋಡಲು ಬೆಳಕಿಗೆ ತಂದೊಡನೆಯೇ ಉಳಿದ ಭಾಗವೂ ಕಪ್ಪಾಗಿ ಚಿತ್ರವೇ ಮುಳುಗಿಹೋಗುತ್ತಿತ್ತು! ಫ್ರಾನ್ಸಿನ ನಿಯೆಪ್ಸ್ ಎಂಬಾತನು ಬೆಳ್ಳಿಯನ್ನು ಬಿಟ್ಟು, ಬೆಳಕಿಗೆ ಗಟ್ಟಿಯಾಗುವ ಒಂದು ಬಗೆಯ ಡಾಂಬರನ್ನು ಲೋಹದ ತಗಡಿಗೆ ಬಳಿದು, 1826-27ರ ಸುಮಾರಿನಲ್ಲಿ ತನ್ನ ಕಿಟಕಿಯ ಹೊರಗಣ ನೋಟವನ್ನು ಹಿಡಿದನು. ಅದಕ್ಕೆ ಬಹಳ ಗಂಟೆಗಳ ಬಿಸಿಲು ಬೇಕಾಯಿತು. ಅವನ ಪಾಲುಗಾರನಾದ ಡಾಗೇರನು ಬೆಳ್ಳಿಯ ತಗಡಿನ ಮೇಲೆ ಚಿತ್ರಗಳನ್ನು ಮೂಡಿಸುವ ಕ್ರಮವನ್ನು ಸಾಧಿಸಿದನು. 1839ನೆಯ ಆಗಸ್ಟ್ 19ರಂದು ಅದರ ರಹಸ್ಯವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಬಹಿರಂಗಪಡಿಸಲಾಯಿತು.

ಡಾಗೇರನು 1838ರಲ್ಲಿ ತೆಗೆದ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ಬಹು ಪ್ರಸಿದ್ಧವಾದುದು. ಜನರೂ ಗಾಡಿಗಳೂ ತುಂಬಿದ್ದ ಹೆದ್ದಾರಿ ಅದರಲ್ಲಿ ಬರಿದಾಗಿ ಕಾಣುತ್ತದೆ. ಬೆಳಕು ಅನೇಕ ನಿಮಿಷಗಳು ತಾಗಬೇಕಾಗಿದ್ದುದರಿಂದ, ಚಲಿಸುತ್ತಿದ್ದವರಾರೂ ತಗಡಿನ ಮೇಲೆ ನಿಲ್ಲಲಿಲ್ಲ. ಒಬ್ಬ ಮನುಷ್ಯ ಮಾತ್ರ ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತ ಕಾಲನ್ನು ಅಲುಗಿಸದೆ ನಿಂತಿದ್ದನು. ಅವನು ಮೂಡಿದನು. ಹೀಗೆ ಛಾಯಾಚಿತ್ರದಲ್ಲಿ ಮೊದಮೊದಲು ಕಾಣಿಸಿಕೊಂಡ ಮನುಷ್ಯನು ಅರಸನೂ ಅಲ್ಲ, ಪಂಡಿತನೂ ಅಲ್ಲ. ಹೆಸರು ತಿಳಿಯದ ಒಬ್ಬ ದಾರಿಹೋಕ. ಈ ಕಲೆಯ ಮುಂದಿನ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕಾಗಿರಲಿಲ್ಲ.

ಡಾಗೇರನ ಚಿತ್ರ ಒಂದೇ ಒಂದು. ಅದರ ಪ್ರತಿಗಳನ್ನು ತೆಗೆಯುವಂತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ಟನು ಕಾಗದದ ಮೇಲೆ ಬಿಳಿದು ಕಪ್ಪಾಗಿಯೂ ಕಪ್ಪು ಬಿಳಿದಾಗಿಯೂ ಕಾಣುವ ನೆಗೆಟಿವ್ ಚಿತ್ರವನ್ನು ತೆಗೆದು, ಅದರಿಂದ ಬೇಕಾದಷ್ಟು ನೇರ ಪ್ರತಿಗಳನ್ನು ಪಡೆಯುವ ವಿಧಾನವನ್ನು ಕಂಡುಹಿಡಿದನು. ಬೆಳಕು ತಾಗಿಯೂ ಬರಿದಾಗಿ ಕಾಣುವ ಕಾಗದದಲ್ಲಿ ಚಿತ್ರವು ಅಡಗಿರಬಹುದು, ತಕ್ಕ ದ್ರಾವಣದಲ್ಲಿ ಅದ್ದಿದರೆ ಅದು ಹೊರಗೆ ಬರುವುದು ಎಂಬುದನ್ನೂ 1840ರಲ್ಲಿ ಅವನು ಕಂಡನು. ಖಗೋಳಶಾಸ್ತ್ರಜ್ಞನಾದ ಜಾನ್ ಹರ್ಷೆಲನು, ಹೈಪೋ ಎಂದು ನಾವು ಕರೆಯುವ ಲವಣದ ನೀರು ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೊಳೆದುಬಿಡುವುದೆಂದು ತೋರಿಸಿ, ಚಿತ್ರವನ್ನು ಸ್ಥಿರಪಡಿಸುವ ಮಾರ್ಗವನ್ನು ಕೊಟ್ಟನು.

ಈ ಅಡಗಿದ ಚಿತ್ರದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಅತಿಸೂಕ್ಷ್ಮವಾದ ಹರಳುಗಳು ಜೆಲಾಟಿನ್ ಎಂಬ ಅಂಟಿನಲ್ಲಿ ಹರಡಿಕೊಂಡಿರುತ್ತವೆ. ಷಟರು ತೆರೆದು ಮುಚ್ಚುವ ಕ್ಷಣಾರ್ಧದಲ್ಲಿ ಹರಳಿನ ಮೇಲೆ ಬೀಳುವ ಬೆಳಕು ಅದರೊಳಗೆ ಬೆಳ್ಳಿಯ ಕೆಲವೇ ಪರಮಾಣುಗಳನ್ನು ಬಿಡಿಸುತ್ತದೆ. ನಾಲ್ಕಾರು ಪರಮಾಣುಗಳು ಒಂದೆಡೆ ಕೂಡಿದರೆ ಸಾಕು. ಕತ್ತಲೆಕೋಣೆಯ ದ್ರಾವಣಕ್ಕೆ ಆ ಗುರುತು ಸಿಕ್ಕಿ, ಕೋಟಿಗಟ್ಟಲೆ ಪರಮಾಣುಗಳ ಆ ಇಡೀ ಹರಳು ಬೆಳ್ಳಿಯಾಗಿ ಮಾರ್ಪಡುತ್ತದೆ. ಹಾಲಿಗೆ ಬಿದ್ದ ಹೆಪ್ಪಿನ ತೊಟ್ಟು ಗಡಿಗೆಯನ್ನೆಲ್ಲ ಮೊಸರು ಮಾಡುವಂತೆ ಇದು. ಜೆಲಾಟಿನ್ ಎಂಬುದು ದನಗಳ ಚರ್ಮ ಮೂಳೆಗಳಿಂದ ತೆಗೆಯುವ ವಸ್ತು. ಕೆಲವು ಜೆಲಾಟಿನ್ ಚುರುಕಾದ ಫಿಲ್ಮನ್ನೂ ಕೆಲವು ಮಂದವಾದ ಫಿಲ್ಮನ್ನೂ ಕೊಡುವುದೇಕೆಂದು ತಯಾರಕರು ಬಹುಕಾಲ ಬೆರಗಾಗಿದ್ದರು. 1925ರಲ್ಲಿ ಷೆಪರ್ಡ್ ಎಂಬ ರಸಾಯನಶಾಸ್ತ್ರಜ್ಞನು ಅದರ ಗುಟ್ಟನ್ನು ಒಡೆದನು: ದನಗಳು ಮೇದ ಸಾಸಿವೆಯ ಜಾತಿಯ ಗಿಡಗಳಿಂದ ಬಂದ ಗಂಧಕದ ಅಂಶವೇ ಆ ಚುರುಕಿಗೆ ಕಾರಣ! ನಮ್ಮ ಮನೆಗಳ ಹಳೆಯ ಪಟಗಳಲ್ಲಿ ಗಣಿಯ ಬೆಳ್ಳಿಯೂ, ಹಟ್ಟಿಯ ದನವೂ, ಹೊಲದ ಸಾಸಿವೆಯೂ ಸೂರ್ಯನ ಬೆಳಕಿನೊಡನೆ ಕೂಡಿ ಕೆಲಸಮಾಡಿವೆ.

ಇಷ್ಟಾದರೂ ಬಹುಕಾಲ ಛಾಯಾಗ್ರಹಣವು ತಜ್ಞರ ವಿದ್ಯೆಯಾಗಿಯೇ ಇದ್ದಿತು. 1851ರಲ್ಲಿ ಬಂದ ಕ್ರಮದಲ್ಲಿ ಗಾಜಿನ ಫಲಕಕ್ಕೆ ಮದ್ದು ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಹೊರಗೆ ಹೊರಟರೆ ಕತ್ತಲೆಯ ಡೇರೆಯನ್ನೂ ಹೊರಿಸಿಕೊಂಡು ಹೋಗಬೇಕು. 1871ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಜೆಲಾಟಿನ್ ಬಳಸಿದ ಒಣ ಫಲಕದ ದಾರಿಯನ್ನು ತೋರಿಸಿದನು. ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ಗಾಜಿನ ಬದಲು ಸುರುಳಿಯನ್ನು ಬಳಸಿ, 1888ರಲ್ಲಿ ಕೊಡಕ್ ಎಂಬ ಕ್ಯಾಮೆರಾವನ್ನು ಮಾರಾಟಕ್ಕಿಟ್ಟನು. ಅದರ ಬೆಲೆ 25 ಡಾಲರು. ಒಳಗೆ 100 ಚಿತ್ರಗಳಿಗೆ ಸಾಕಾಗುವ ಸುರುಳಿ. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳನ್ನು ಅಚ್ಚುಹಾಕಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಗೆ ಒಂದೇ ಡಾಲರು. ಅಂದಿನಿಂದ ತಾಯಿ ಮಗುವಿನ ಚಿತ್ರವನ್ನೂ, ಮಗು ತಾಯಿಯ ಚಿತ್ರವನ್ನೂ ತೆಗೆಯುವ ಕಾಲ ಬಂದಿತು.

ಭಾರತಕ್ಕೆ ಈ ವಿದ್ಯೆ ಬಹುಬೇಗನೆ ಬಂದಿತು. 1854ರಲ್ಲಿ ಮುಂಬಯಿಯಲ್ಲಿಯೂ, 1856ರಲ್ಲಿ ಕಲ್ಕತ್ತೆ ಮದರಾಸುಗಳಲ್ಲಿಯೂ ಛಾಯಾಗ್ರಾಹಕರ ಸಂಘಗಳು ಸ್ಥಾಪಿತವಾದವು. 1854ನೆಯ ಡಿಸೆಂಬರಿನಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಾಗದದ ನೆಗೆಟಿವುಗಳಲ್ಲಿ ಹಿಡಿದನು. ಲಾಲಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗೆಂದೇ ಮಹಿಳೆಯೊಬ್ಬರ ಆಡಳಿತದಲ್ಲಿ ಪ್ರತ್ಯೇಕವಾದ ಸ್ಟುಡಿಯೋವನ್ನು ತೆರೆದರು. ಮೈಸೂರಿನವರಾದ ಟಿ. ಎಸ್. ಸತ್ಯನ್ (1923-2009) ಅವರು ದೊಡ್ಡವರ ಸಭೆಗಳಿಗಿಂತ ಹೆಚ್ಚಿನ ಪ್ರೀತಿಯಿಂದ ಬೀದಿಯ ಮಕ್ಕಳನ್ನೂ ಶ್ರಮಜೀವಿಗಳನ್ನೂ ಚಿತ್ರಿಸಿ, ನಿತ್ಯಜೀವನವೂ ಚಿತ್ರಕ್ಕೆ ಯೋಗ್ಯವೆಂಬುದನ್ನು ಕನ್ನಡಿಗರಿಗೆ ತೋರಿಸಿಕೊಟ್ಟರು. ಸ್ವಾತಂತ್ರ್ಯಾನಂತರ ಆಗ್ಫಾ ಕ್ಲಿಕ್ ಎಂಬ ಸರಳವಾದ ಕ್ಯಾಮೆರಾ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಸರಕಾರೀ ಕಾರ್ಖಾನೆಯ ಫಿಲ್ಮಿಗೆ 'ಇಂದು' ಎಂದು ಹೆಸರು. ಸಂಸ್ಕೃತದಲ್ಲಿ ಅದು ಚಂದ್ರ. ಕನ್ನಡದಲ್ಲಿ ಈ ದಿನ. ಈ ದಿನವನ್ನು ನಾಳೆಗೆಂದು ತೆಗೆದಿಡುವ ವಸ್ತುವಿಗೆ ಕನ್ನಡದ ಅರ್ಥವೇ ಮೇಲೆಂದು ತೋರುತ್ತದೆ. ಆ ಕಾರ್ಖಾನೆ ಈಗ ಮುಚ್ಚಿದೆ.

ನಮ್ಮ ಹಿರಿಯರಿಗೆ ಫೋಟೋ ತೆಗೆಸಿಕೊಳ್ಳುವುದು ಒಂದು ಸಂಸ್ಕಾರದಂತೆಯೇ ಇದ್ದಿತು. ಚಿತ್ರ ತೆಗೆಸಿದರೆ ಆಯುಸ್ಸು ಕಡಮೆಯಾಗುವುದೆಂಬ ಭಯವೂ ಕೆಲವರಿಗಿತ್ತು. ಆ ಭಯವನ್ನು ಮೀರಿ, ಜರಿಯ ರುಮಾಲು ಸುತ್ತಿ, ಪೆಟ್ಟಿಗೆಯ ತಳದ ಪೀತಾಂಬರವನ್ನು ಉಟ್ಟು ಸ್ಟುಡಿಯೋಗೆ ಹೋಗುತ್ತಿದ್ದರು. ಹಿಂದೆ ಬಣ್ಣದ ಪರದೆ. ಪಕ್ಕದಲ್ಲಿ ಮೇಜಿನ ಮೇಲೆ ಹೂದಾನಿ. ಯಜಮಾನರು ಕುರ್ಚಿಯಲ್ಲಿ, ಗೃಹಿಣಿ ಪಕ್ಕದಲ್ಲಿ ನಿಂತು, ಮಕ್ಕಳು ಕೆಳಗೆ. ಯಾರ ಮುಖದಲ್ಲಿಯೂ ನಗೆಯಿಲ್ಲ. ಈ ಗಾಂಭೀರ್ಯವನ್ನು ಕಂಡು ಇಂದಿನ ಮಕ್ಕಳು ನಗುವುದುಂಟು. ಆದರೆ ಬಹುಶಃ ಜನ್ಮದಲ್ಲಿ ಒಂದೇ ಸಲ ತೆಗೆಸುವ ಚಿತ್ರವೆಂದರೆ, ಅದು ಮುಂದೆ ಹುಟ್ಟುವವರಿಗೆ ತಮ್ಮನ್ನು ಪರಿಚಯಮಾಡಿಕೊಡುವ ಗಳಿಗೆ. ಅಂತಹ ಗಳಿಗೆಯಲ್ಲಿ ಮನುಷ್ಯನು ಗಂಭೀರನಾಗಿರುವುದು ಸಹಜವೇ.

ಇಂತಹ ಚಿತ್ರದಲ್ಲಿ ತೆಗೆಸಿಕೊಂಡವರು ತೋರಿಸಬೇಕೆಂದಿದ್ದುದಷ್ಟೇ ಅಲ್ಲ, ತೋರಿಸಬೇಕೆಂದು ಎಣಿಸದಿದ್ದುದೂ ಉಳಿದಿರುತ್ತದೆ. ಕುಪ್ಪಸದ ತೋಳಿನ ತೇಪೆ, ಬರಿಗಾಲು, ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದ ಅಕ್ಕನ ಬೆರಳು, ಮನೆಯಂಗಳದಲ್ಲಿ ತೆಗೆದ ಚಿತ್ರವಾದರೆ ಹಿಂದಿನ ಒರಳುಕಲ್ಲು, ಈಗ ಇಲ್ಲದ ಹಲಸಿನ ಮರ. ಚಿತ್ರಕಾರನು ಬೇಡದುದನ್ನು ಬಿಡಬಲ್ಲನು. ಮಸೂರಕ್ಕೆ ಆ ಭೇದ ತಿಳಿಯದು. ಆ ಅಜ್ಞಾನವೇ ನಮಗೆ ದೊಡ್ಡ ಉಪಕಾರವಾಗಿದೆ. ಚರಿತ್ರೆಯ ಪುಸ್ತಕಗಳು ಲಕ್ಷ್ಯಕ್ಕೆ ತಾರದ ಎಷ್ಟೋ ಸಂಗತಿಗಳು ಮನೆಯ ಆಲ್ಬಮ್ಮುಗಳಲ್ಲಿ ಸುರಕ್ಷಿತವಾಗಿವೆ.

ಈಗ ಬೆಳ್ಳಿಯ ಸ್ಥಾನವನ್ನು ಮರಳಿನಿಂದ ಪಡೆದ ಸಿಲಿಕಾನ್ ಆಕ್ರಮಿಸಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬುವರು, ಬಿದ್ದ ಬೆಳಕನ್ನು ವಿದ್ಯುತ್ತಾಗಿ ಸಂಗ್ರಹಿಸಿ ಅಳೆಯಬಲ್ಲ ಬಿಲ್ಲೆಗೆ ದಾರಿ ಮಾಡಿದರು. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲನೆಯ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೋಗ್ರಾಮ್ ತೂಗುತ್ತಿತ್ತು. 10,000 ಚುಕ್ಕೆಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ದಾಖಲುಮಾಡಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಇಂದು ಕಿಸೆಯಲ್ಲಿರುವ ದೂರವಾಣಿ ಕೋಟಿಗೂ ಮಿಕ್ಕ ಚುಕ್ಕೆಗಳನ್ನು ಕ್ಷಣಮಾತ್ರದಲ್ಲಿ ಅಳೆದು, ಪ್ರತಿಯೊಂದನ್ನೂ ಅಂಕಿಯಾಗಿ ಬರೆದಿಡುತ್ತದೆ. ಚಿತ್ರವೆಂಬುದು ಈಗ ಅಂಕಿಗಳ ಪಟ್ಟಿ. ಎಷ್ಟು ಪ್ರತಿ ಮಾಡಿದರೂ ಆ ಪಟ್ಟಿ ಮಾಸುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಮಗುವಿನ ಮುಖವನ್ನು ಸಮುದ್ರದಾಚೆಯ ಅಜ್ಜಿ ಆ ಗಳಿಗೆಯಲ್ಲಿಯೇ ನೋಡಬಹುದು. ಇದು ಸಾಮಾನ್ಯವಾದ ಭಾಗ್ಯವಲ್ಲ.

ಹಾಗಾದರೆ ನೆನಪುಗಳು ಕ್ಷೇಮವಾದುವೆ? ಇಲ್ಲವೆಂದೇ ಹೇಳಬೇಕಾಗಿದೆ. ಹಳೆಯ ಚಿತ್ರ ಮೆಲ್ಲಮೆಲ್ಲನೆ ಮಾಸುತ್ತದೆ. ಹೊಸದು ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತದೆ. ದೂರವಾಣಿ ನೀರಿಗೆ ಬಿದ್ದರೆ, ಶೇಖರಣೆಯ ಡಿಸ್ಕು ಕೆಟ್ಟರೆ, ಸಂಕೇತಪದವನ್ನು ತಿಳಿದಿದ್ದ ಒಬ್ಬರೇ ತೀರಿಕೊಂಡರೆ, ಹತ್ತು ವರ್ಷಗಳ ಸಂಸಾರ ಒಮ್ಮೆಲೇ ಅಳಿಸಿಹೋಗುತ್ತದೆ. ಮಾಸಿದ ಪಟದಲ್ಲಿ ಅರ್ಧ ಮುಖವಾದರೂ ಉಳಿದೀತು; ಕೆಟ್ಟ ಡಿಸ್ಕಿನಲ್ಲಿ ಅಷ್ಟೂ ಇಲ್ಲ. ಹನ್ನೆರಡರ ಸುರುಳಿ ನಮಗೆ ಆಯ್ಕೆಯನ್ನು ಕಲಿಸುತ್ತಿತ್ತು. ಹನ್ನೆರಡು ಸಾವಿರ ಚಿತ್ರಗಳಿರುವಲ್ಲಿ ಯಾರೂ ಯಾವುದನ್ನೂ ಎರಡನೆಯ ಸಲ ನೋಡುವುದಿಲ್ಲ. ನೋಡದ ಚಿತ್ರ ಇದ್ದೂ ಇಲ್ಲದಂತೆಯೇ.

ಚಿತ್ರಗಳ ಬೆಲೆ ತಿಳಿಯುವುದು ಅವು ಕಳೆದುಹೋದಾಗ. 2011ನೆಯ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರವನ್ನು ಸಮುದ್ರವು ನುಂಗಿದಾಗ, ಉಳಿದವರನ್ನು ಹುಡುಕಲು ಬಂದವರು ಕೆಸರಿನಲ್ಲಿ ಸಿಕ್ಕಿದ ಆಲ್ಬಮ್ಮುಗಳನ್ನು ಎಸೆಯದೆ ಎತ್ತಿಟ್ಟರು. ಸ್ವಯಂಸೇವಕರು ಒಂದೊಂದು ಚಿತ್ರವನ್ನೂ ನೀರಿನಲ್ಲಿ ತೊಳೆದು, ದಾರಕ್ಕೆ ಸಿಕ್ಕಿಸಿ ಒಣಗಿಸಿದರು. ಯಮಾಮೊಟೊ ಎಂಬ ಒಂದೇ ಊರಿನಲ್ಲಿ ಹೀಗೆ ಉಳಿಸಿದ ಚಿತ್ರಗಳು ಏಳು ಲಕ್ಷಕ್ಕೂ ಮೇಲೆ. ಮನೆಮಠ ಕಳೆದುಕೊಂಡವರು ಬಂದು, ಅವುಗಳ ನಡುವೆ ತಮ್ಮವರ ಮುಖಗಳನ್ನು ಹುಡುಕಿದರು. ನಮ್ಮಲ್ಲಿಯೂ 2018ರಲ್ಲಿ ಕೊಡಗಿನ ಬೆಟ್ಟಗಳು ಜರಿದಾಗ, 2019ರಲ್ಲಿ ಕೃಷ್ಣಾ ತೀರದ ಊರುಗಳು ಮುಳುಗಿದಾಗ, ಎಷ್ಟೋ ಮನೆಗಳು ಸಾಮಾನುಸಹಿತ ಹೋದವು. ಪಾತ್ರೆಪದಾರ್ಥಗಳನ್ನು ಮತ್ತೆ ಕೊಳ್ಳಬಹುದು. ತೀರಿಹೋದ ತಂದೆಯ ಚಿತ್ರವನ್ನು ಎಲ್ಲಿಂದ ತರುವುದು?

ಆದುದರಿಂದ ಕೆಲವು ಕಾರ್ಯೋಪಯೋಗಿ ಮಾತುಗಳನ್ನು ಅರಿಕೆಮಾಡುತ್ತೇನೆ.

ಹಳೆಯ ಚಿತ್ರಗಳ ಶತ್ರುಗಳು ಬಿಸಿಲು, ಸೆಕೆ, ತೇವ ಮತ್ತು ಹುಳು. ಪಡಸಾಲೆಯ ಗೋಡೆಗೆ ಬಿಸಿಲು ಬೀಳುವುದಾದರೆ ಅಲ್ಲಿ ಪ್ರತಿಯನ್ನು ತೂಗುಹಾಕಿ, ಮೂಲವನ್ನು ಒಣಗಿದ ಕತ್ತಲೆಯ ಬೀರುವಿನಲ್ಲಿಡುವುದು ಲೇಸು. ಚಿತ್ರದ ಮೈ ಕಟ್ಟಿನ ಗಾಜಿಗೆ ತಾಗಬಾರದು; ಮಳೆಗಾಲದಲ್ಲಿ ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ನಡುವೆ ರಟ್ಟಿನ ಅಂಚು ಇದ್ದರೆ ಈ ಅಪಾಯವಿಲ್ಲ. ಅಂಟುಪುಟಗಳ ಆಲ್ಬಮ್ಮುಗಳು ಚಿತ್ರಕ್ಕೆ ಕಲೆ ಹತ್ತಿಸುತ್ತವೆ. ಸರಿಯಾಗಿ ತೊಳೆಯದ ಕಪ್ಪು ಬಿಳುಪಿನ ಚಿತ್ರದಲ್ಲಿ ಉಳಿದ ಹೈಪೋ ಬೆಳ್ಳಿಯನ್ನು ಹಳದಿ ತಿರುಗಿಸುತ್ತದೆ. ಬಣ್ಣದ ಚಿತ್ರಗಳಲ್ಲಿ ಬೆಳ್ಳಿ ಉಳಿಯುವುದೇ ಇಲ್ಲ. ಮೂರು ಬಗೆಯ ಬಣ್ಣಗಳು ಮಾತ್ರ. 1960, 70ರ ದಶಕಗಳ ಬಣ್ಣದ ಚಿತ್ರಗಳು ಅನೇಕವೇಳೆ ಕೆಂಪಾಗಿ ಕಾಣುವುದು, ಅವುಗಳಲ್ಲಿನ ನೀಲಿಹಸುರು ಬಣ್ಣ ಮೊದಲು ಅಳಿದುದರಿಂದ. ಅಂತಹವುಗಳನ್ನು ತಡಮಾಡದೆ ಪ್ರತಿಮಾಡಿಸತಕ್ಕದ್ದು. ಚಿತ್ರಗಳು ನೆನೆದಿದ್ದರೆ ಒಂದಕ್ಕೊಂದು ಅಂಟಿ ಒಣಗಲು ಬಿಡಬಾರದು; ಶುದ್ಧವಾದ ತಣ್ಣೀರಿನಲ್ಲಿ ಮೆಲ್ಲನೆ ಬಿಡಿಸಿ, ಮೈಯನ್ನು ಮುಟ್ಟದೆ, ಮುಖ ಮೇಲಾಗಿ ನೆರಳಿನಲ್ಲಿ ಹರಡಬೇಕು.

ಹೊಸ ಚಿತ್ರಗಳಿಗೆ ಒಂದೇ ಪ್ರತಿಯನ್ನು ನಂಬಬಾರದು. ಮೂರು ಪ್ರತಿಗಳಿದ್ದು, ಅವುಗಳಲ್ಲೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರುವುದು ಮೇಲು. ಸಂಕೇತಪದವು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ವರ್ಷಕ್ಕೊಮ್ಮೆ ಕುಳಿತು ನಾಲ್ವತ್ತೋ ಐವತ್ತೋ ಚಿತ್ರಗಳನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಕಾಗದದ ಚಿತ್ರವನ್ನು ನೋಡಲು ಯಾವ ಯಂತ್ರವೂ ಬೇಕಾಗಿಲ್ಲ, ಕಣ್ಣು ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಬರವಣಿಗೆ. ಬೇಗೂರಿನ ಹಳೆಯ ವೀರಗಲ್ಲೊಂದರಲ್ಲಿ, ಸುಮಾರು 890ರ ಕಾಲದ್ದೆಂದು ಎಣಿಸುವ ಶಾಸನದಲ್ಲಿ, ಬೆಂಗಳೂರಿನ ಕಾಳಗದಲ್ಲಿ ಮಡಿದವನ ಮಾತು ಬರುತ್ತದೆ. ಬೆಂಗಳೂರೆಂಬ ಹೆಸರಿನ ಪ್ರಾಚೀನತೆ ನಮಗೆ ತಿಳಿದುದು ಆ ಕೆಲವು ಅಕ್ಷರಗಳಿಂದ. ಅಕ್ಷರವಿಲ್ಲದ ಎಷ್ಟೋ ವೀರಗಲ್ಲುಗಳಲ್ಲಿ ವೀರನಿದ್ದಾನೆ, ಅವನ ಹೆಸರಿಲ್ಲ. ನಮ್ಮ ಮನೆಗಳ ಚಿತ್ರಗಳೂ ಅದೇ ಸ್ಥಿತಿಗೆ ಬರುತ್ತಿವೆ. ಮದುವೆಯ ಗುಂಪಿನ ಚಿತ್ರದಲ್ಲಿ ಮೂವತ್ತು ಮುಖಗಳು. ಅವರೆಲ್ಲರ ಹೆಸರು ಬಲ್ಲವರು ಮನೆಯಲ್ಲಿ ಒಬ್ಬರೇ ಅಜ್ಜಿ. ಆಕೆ ಹೋದ ದಿನ ಇಪ್ಪತ್ತು ಮಂದಿ ಮತ್ತೊಮ್ಮೆ ಸಾಯುತ್ತಾರೆ. ರಸಾಯನಶಾಸ್ತ್ರವಾಗಲಿ ವಿದ್ಯುತ್ತಾಗಲಿ ಇದಕ್ಕೆ ಪರಿಹಾರವನ್ನು ಕೊಡಲಾರದು. ಮೆತ್ತನೆಯ ಪೆನ್ಸಿಲನ್ನು ಹಿಡಿದು, ಚಿತ್ರದ ಬೆನ್ನಿನಲ್ಲಿ, ಒತ್ತದೆ, ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯುವುದೊಂದೇ ಉಪಾಯ. ದೂರವಾಣಿಯ ಚಿತ್ರಗಳಿಗೂ ಹೆಸರು ವರ್ಷಗಳನ್ನು ಬರೆದಿಡಲು ಸೌಕರ್ಯವುಂಟು.

ಮಹಾಲಯ ಪಕ್ಷದಲ್ಲಿ ಅನೇಕ ಮನೆಗಳವರು ಹಿರಿಯರ ಪಟಗಳನ್ನು ಇಳಿಸಿ, ಧೂಳೊರಸಿ, ಗಂಧವಿಟ್ಟು ಹೂವು ಮುಡಿಸುವ ಪದ್ಧತಿಯುಂಟು. ಈ ಕೆಲಸಕ್ಕೆ ಅದಕ್ಕಿಂತ ಯೋಗ್ಯವಾದ ಸಮಯವಿಲ್ಲ. ಅಂದು ಹಿರಿಯರನ್ನು ನಡುವೆ ಕುಳ್ಳಿರಿಸಿ, ಪೆಟ್ಟಿಗೆಯ ಚಿತ್ರಗಳನ್ನೆಲ್ಲ ಹರಡಿ, ಅವರು ಹೇಳಿದುದನ್ನು ಮಕ್ಕಳ ಕೈಯಿಂದ ಬರೆಯಿಸಬೇಕು. ಚಿತ್ರದೊಡನೆ ಕಥೆಯೂ ಬರುವುದು: ಈತ ಊರುಬಿಟ್ಟು ಹೋದದ್ದೇಕೆ, ಈಕೆಯ ಕೈಯಡಿಗೆಯ ಹೆಸರೇನು, ಈ ಮಗು ಏನಾಯಿತು. ಒಂದು ಮಧ್ಯಾಹ್ನದ ಈ ಕೆಲಸದಿಂದ ಒಂದು ವಂಶದ ಚರಿತ್ರೆ ಉಳಿಯುತ್ತದೆ.

ಬೆಳಕು ಮುಖವನ್ನು ಬರೆದುಕೊಟ್ಟಿದೆ. ಹೆಸರನ್ನು ಬರೆಯುವ ಭಾಗ ನಮ್ಮದಾಗಿ ಉಳಿದಿದೆ. ಹೆಸರು ಬಲ್ಲವರು ನಮ್ಮ ನಡುವೆ ಇರುವಾಗಲೇ ಅದನ್ನು ಮಾಡಿ ಮುಗಿಸೋಣ.